ಹುಬ್ಬಿನ ಗಂಟು ಬಿಚ್ಚುವ ಸೂಜಿ

ಧಾರವಾಡದ ಒಂದು ಮಹಿಳಾ ಮಂಡಳದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ನಡುನಡುವೆ ಬಂದ ಪ್ರಶ್ನೆಗಳನ್ನೂ ಬಿಡದೆ ಸೇರಿಸಿದ್ದೇನೆ. ನಾನು ಬರೆದುಕೊಂಡು ಹೋಗಿದ್ದಕ್ಕಿಂತ ಅವೇ ಚೆನ್ನಾಗಿದ್ದವು.

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೊಬೈಲ್ ನೋಡುತ್ತಿದ್ದಳು. ಉಣಕಲ್ ದಾಟುವಷ್ಟರಲ್ಲಿ ಅವಳ ಮೊಬೈಲಿನಲ್ಲಿ ಸುಕ್ಕು ತೆಗೆಯುವ ಬೊಟಾಕ್ಸ್ ಇಂಜೆಕ್ಷನ್ನಿನ ಮೂರು ಜಾಹೀರಾತು ಬಂದು ಹೋದವು. ಮೂರರಲ್ಲೂ ಒಂದೇ ಮಾತು: ಹತ್ತು ನಿಮಿಷ, ನೋವಿಲ್ಲ, ಸುಕ್ಕಿಲ್ಲ. ಹತ್ತು ನಿಮಿಷ ಅನ್ನುವುದು ನಿಜ. ಉಳಿದ ಎರಡಕ್ಕೆ ಒಂದು ಗಂಟೆ ಬೇಕು. ಅದಕ್ಕೇ ಬಂದಿದ್ದೇನೆ.

ನಾನು ಚರ್ಮದ ಡಾಕ್ಟರು. ಈ ಇಂಜೆಕ್ಷನ್ ಕೊಡುತ್ತೇನೆ, ಅದರಿಂದ ದುಡಿಯುತ್ತೇನೆ ಕೂಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತನ್ನು ಅಷ್ಟು ತೂಗಿ ನೋಡಿಯೇ ಕೇಳಿ.

ಈಗ ಒಂದು ಕೆಲಸ ಮಾಡಿ. ಕುಂಕುಮ ಇಡುವ ಜಾಗದ ಎರಡೂ ಬದಿಗೆ, ಹುಬ್ಬು ಶುರುವಾಗುವಲ್ಲಿ, ಒಂದೊಂದು ಬೆರಳು ಇಡಿ. ಸಿಟ್ಟು ಬಂದ ಹಾಗೆ ಹುಬ್ಬು ಗಂಟಿಕ್ಕಿ. ಬೆರಳಿನ ಕೆಳಗೆ ಏನೋ ಉಬ್ಬಿ ಒಳಗಡೆ ಸರಿಯಿತು, ಅಲ್ವಾ? ಅದು ಸ್ನಾಯು. ಇದಕ್ಕೆ 'ಗಂಟಿಕ್ಕುವುದು' ಅಂತ ಹೆಸರಿಟ್ಟ ಹಿರಿಯರು ಸರಿಯಾಗಿಯೇ ನೋಡಿದ್ದಾರೆ. ಎರಡು ಕಡೆಯ ಸ್ನಾಯು ನಡುವೆ ಬಂದು ಗಂಟಾಗುತ್ತದೆ, ಮೇಲಿನ ಚರ್ಮ ಮಡಿಚಿಕೊಳ್ಳುತ್ತದೆ. ಈ ಇಂಜೆಕ್ಷನ್ ಕೆಲಸ ಮಾಡುವುದು ಆ ಗಂಟಿನ ಮೇಲೆ. ಚರ್ಮದ ಮೇಲಲ್ಲ. ಇದು ಸ್ನಾಯುವಿನ ಔಷಧ. ಇಷ್ಟು ತಲೆಯಲ್ಲಿ ಇಟ್ಟುಕೊಂಡರೆ ಯಾವ ಸುಕ್ಕು ಹೋಗುತ್ತದೆ, ಯಾವುದು ಹೋಗುವುದಿಲ್ಲ, ಎಲ್ಲಿ ಕೆಡುತ್ತದೆ ಅನ್ನುವುದನ್ನು ನೀವೇ ಹೇಳಬಲ್ಲಿರಿ.

(ಮುಂದಿನ ಸಾಲಿನಲ್ಲಿದ್ದ ಅಜ್ಜಿ: "ಹಂಗಾರ ಹಣೆಬರಹ ಅಳಸಾಕ ಬರತೈತಿ ಅನ್ರಿ!" ನಾನು: "ಬರತೈತ್ರಿ ಅಜ್ಜಿ. ಆದ್ರ ನಾಕ ತಿಂಗಳಷ್ಟ. ಆಮ್ಯಾಲ ಅದ ಬರಹ ಮತ್ತ ಮೂಡತೈತಿ.")

ಹಣೆಯ ಅಡ್ಡಗೆರೆ, ಹುಬ್ಬಿನ ನಡುವಿನ ನೆಟ್ಟಗೆರೆ, ನಕ್ಕಾಗ ಕಣ್ಣಿನ ಮೂಲೆಯಲ್ಲಿ ಮೂಡುವ ಗೆರೆ. ಈ ಮೂರಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮೂರೂ ಸ್ನಾಯು ಎಳೆದಾಗ ಬರುವ ಗೆರೆಗಳು. ಆದರೆ ಸೀರೆಯನ್ನು ಹದಿನೈದು ವರ್ಷ ಒಂದೇ ಮಡಿಕೆಯಲ್ಲಿ ಟ್ರಂಕಿನೊಳಗೆ ಇಟ್ಟರೆ ಏನಾಗುತ್ತದೆ? ಬಿಚ್ಚಿ ಹರವಿದರೂ ಗೆರೆ ಹಾಗೇ ಉಳಿಯುತ್ತದೆ. ಮುಖ ಸುಮ್ನೆ ಇದ್ದಾಗಲೂ ಕಾಣುವ ಗೆರೆ ಅಂಥದ್ದು. ಸ್ನಾಯು ಸಡಿಲಿಸಿದರೆ ಅದು ಸ್ವಲ್ಪ ತೆಳ್ಳಗಾಗಬಹುದು, ಪೂರ್ತಿ ಅಳಿಸುವುದಿಲ್ಲ. ಬಿಸಿಲಿಗೆ ಒಣಗಿ ಬಂದ ಸಣ್ಣ ಸುಕ್ಕು, ಜೋತ ಕೆನ್ನೆ, ಕಪ್ಪು ಕಲೆ, ಇವಕ್ಕೆ ಈ ಸೂಜಿಯಿಂದ ಏನೂ ಆಗುವುದಿಲ್ಲ. ಮೂಗಿನಿಂದ ತುಟಿಯ ಅಂಚಿಗೆ ಇಳಿಯುವ ಗೆರೆ ತುಂಬಿಸುವ ಫಿಲ್ಲರ್ ಬೇರೆ, ಇದು ಬೇರೆ. ಜಾಹೀರಾತಿನಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಫಿಲ್ಲರ್ ರಕ್ತನಾಳಕ್ಕೆ ಹೊಕ್ಕರೆ ಕಣ್ಣೇ ಹೋಗುವ ಅಪಾಯ ಇದೆ. ಅದೇ ಒಂದು ದಿನದ ಮಾತು, ಇವತ್ತು ಬೇಡ.

ಬೊಟಾಕ್ಸ್ ಅನ್ನುವುದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಪ್ರತಿ ತೆಗೆಸುವುದಕ್ಕೆಲ್ಲ ಝೆರಾಕ್ಸ್ ಅಂದ ಹಾಗೆ ಅದು ಬಾಯಿಗೆ ಅಂಟಿಕೊಂಡಿದೆ. ಔಷಧದ ಹೆಸರು ಬೊಟುಲಿನಮ್ ಟಾಕ್ಸಿನ್. ಟಾಕ್ಸಿನ್ ಅಂದರೆ ವಿಷವೇ. ಲ್ಯಾಟಿನ್ ಭಾಷೆಯಲ್ಲಿ ಬೊಟುಲಸ್ ಅಂದರೆ ಸಾಸೇಜ್, ಕರುಳಿನೊಳಗೆ ಮಾಂಸ ತುಂಬಿ ಮಾಡುವ ತಿನಿಸು. 1820ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಕೆಟ್ಟ ಸಾಸೇಜ್ ತಿಂದು ಜನ ಸಾಯುತ್ತಿದ್ದರು. ಮೊದಲು ರೆಪ್ಪೆ ಜೋತು ಬೀಳುತ್ತಿತ್ತು. ಆಮೇಲೆ ನುಂಗಲು ಆಗುತ್ತಿರಲಿಲ್ಲ. ಕೊನೆಗೆ ಉಸಿರು ನಿಲ್ಲುತ್ತಿತ್ತು. ಇದನ್ನೆಲ್ಲ ಒಂದೊಂದಾಗಿ ನೋಡಿ ಬರೆದಿಟ್ಟವರು ಯುಸ್ಟಿನಸ್ ಕೆರ್ನರ್. ಅವರು ವೈದ್ಯರು, ಜೊತೆಗೆ ಕವಿ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅನ್ನುತ್ತಾರಲ್ಲ, ನಿಮಗೆ ಇದರಲ್ಲಿ ಆಶ್ಚರ್ಯ ಇರಲಿಕ್ಕಿಲ್ಲ. ಆ ಮನುಷ್ಯ ವಿಷವನ್ನು ತಾನೇ ರುಚಿ ನೋಡಿ ಪರೀಕ್ಷೆ ಮಾಡಿದ್ದ. ಅಷ್ಟೇ ಅಲ್ಲ, ಇದನ್ನು ಚೂರೇ ಚೂರು ಕೊಟ್ಟರೆ ಹದ್ದು ಮೀರಿ ಕುಣಿಯುವ ನರಗಳನ್ನು ಸುಮ್ಮನಿರಿಸಬಹುದು ಅಂತ ಆಗಲೇ ಊಹಿಸಿದ್ದ.

1895ರಲ್ಲಿ ಬೆಲ್ಜಿಯಂನ ಒಂದು ಹಳ್ಳಿ. ಶವಸಂಸ್ಕಾರಕ್ಕೆ ಬಾರಿಸಲು ಬಂದ ಬ್ಯಾಂಡಿನವರು ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದರು. ಮೂವರು ತೀರಿಕೊಂಡರು. ಆ ಮಾಂಸದಲ್ಲೇ ಎಮಿಲ್ ವ್ಯಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿಗೆ ವಿಷ ಮಾಡುವ ಬ್ಯಾಕ್ಟೀರಿಯಾ ಸಿಕ್ಕಿತು.

(ಇಲ್ಲಿ ಒಬ್ಬರು ಎದ್ದು ಕೇಳಿದರು: "ನಮ್ಮ ಉಪ್ಪಿನಕಾಯಿ ಭರಣಿಯೊಳಗೂ ಅದು ಬರತೈತೇನ್ರಿ?")

ಒಳ್ಳೆಯ ಪ್ರಶ್ನೆ. ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಆಗುವುದಿಲ್ಲ, ಗಾಳಿಯಾಡದ ಡಬ್ಬಿಯೇ ಅದಕ್ಕೆ ಹಿತ. ಆದರೆ ಹುಳಿ ಆಗಿಬರುವುದಿಲ್ಲ. ಹುಳಿ ಅಳೆಯುವ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅಂದರೆ ಹುಳಿ ಸಾಕಷ್ಟಿದ್ದರೆ, ಅದು ಬೆಳೆಯುವುದಿಲ್ಲ. ನಮ್ಮ ಮಾವಿನಕಾಯಿ, ನಿಂಬೆ ಉಪ್ಪಿನಕಾಯಿಯಲ್ಲಿ ಹುಳಿಯೂ ಇದೆ, ಕೈತುಂಬ ಉಪ್ಪೂ ಇದೆ. ಹೆದರಬೇಡಿ. ಹುಳಿ ಹಾಕದೆ ಬರೀ ಎಣ್ಣೆಯಲ್ಲಿ ಬೆಳ್ಳುಳ್ಳಿ ಮುಳುಗಿಸಿ ಹೊರಗೆ ಇಡುವುದು ಮಾತ್ರ ಬೇಡ.

ಇದೇ ಬಂತಲ್ಲ, ಇನ್ನೊಂದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಸುಕ್ಕಿಗಿಂತ ಇದು ದೊಡ್ಡ ವಿಷಯ. ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಜೇನಿನಲ್ಲಿ ಇದೇ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ, ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಮಾಡಬಲ್ಲವು. ಒಂದು ವರ್ಷ ತುಂಬುವ ತನಕ ಜೇನು ಬೇಡ. ಬೆರಳ ತುದಿಯಷ್ಟೂ ಬೇಡ.

ಸರಿ, ಮುಖಕ್ಕೆ ಬರೋಣ. ಈ ವಿಷವನ್ನು ಔಷಧ ಮಾಡಿದವರು ಸೌಂದರ್ಯದವರಲ್ಲ, ಕಣ್ಣಿನ ಡಾಕ್ಟರು. ಸ್ಯಾನ್ ಫ್ರಾನ್ಸಿಸ್ಕೋದ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಆಪರೇಷನ್ ಬಿಟ್ಟು ಬೇರೆ ದಾರಿ ಹುಡುಕುತ್ತಿದ್ದರು. ಕಣ್ಣನ್ನು ಒಂದು ಕಡೆ ಜಾಸ್ತಿ ಎಳೆಯುವ ಸ್ನಾಯುವನ್ನು ಸಡಿಲಿಸಿದರೆ ಕಣ್ಣು ನೇರವಾಗಬಹುದು ಅನ್ನುವುದು ಅವರ ಲೆಕ್ಕ. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೆಳ್ಳೆಗಣ್ಣಿಗೂ, ರೆಪ್ಪೆ ತಂತಾನೇ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆಗೂ ಒಪ್ಪಿಗೆ ಕೊಟ್ಟಿತು. ಅದಕ್ಕೂ ಎರಡು ವರ್ಷ ಮೊದಲು ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕ್ಯಾರುದರ್ಸ್ ಎಂಬ ಕಣ್ಣಿನ ಡಾಕ್ಟರ ಹತ್ತಿರ ರೆಪ್ಪೆ ಬಿಗಿಯುವ ಒಬ್ಬ ರೋಗಿ ಬರುತ್ತಿದ್ದರು. ಒಂದು ದಿನ ಹುಬ್ಬಿನ ನಡುವೆ ಸೂಜಿ ಹಾಕಲಿಲ್ಲ ಅಂತ ಅವರಿಗೆ ಬೇಸರ. ಅಲ್ಲಿ ಹಾಕಿದಾಗ ಮುಖದ ಬಿಗುವು ಹೋಗಿ ನಿರಾಳವಾಗಿ ಕಾಣುತ್ತದಂತೆ. ಜೀನ್ ಅವರ ಗಂಡ ಅಲಸ್ಟೇರ್ ಚರ್ಮದ ಡಾಕ್ಟರು. ಹುಬ್ಬಿನ ಗೆರೆಗೆ ಏನು ಮಾಡುವುದು ಅಂತ ತಲೆ ಕೆಡಿಸಿಕೊಂಡವರು. ಮೊದಲ ಇಂಜೆಕ್ಷನ್ ಸಿಕ್ಕಿದ್ದು ಅವರ ಕ್ಲಿನಿಕ್ಕಿನ ರಿಸೆಪ್ಶನಿಸ್ಟಿಗೆ. 1992ರಲ್ಲಿ ಗಂಡ ಹೆಂಡತಿ ಸೇರಿ ಪ್ರಬಂಧ ಪ್ರಕಟಿಸಿದರು. ಹುಬ್ಬಿನ ಗೆರೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಕಣ್ಣಿನ ಮೂಲೆಗೆ 2013, ಹಣೆಗೆ 2017.

ಒಳಗೆ ಏನಾಗುತ್ತದೆ? ನರದ ತುದಿಯಿಂದ ಸ್ನಾಯುವಿಗೆ 'ಎಳಿ' ಅನ್ನುವ ಸುದ್ದಿ ಒಂದು ರಾಸಾಯನಿಕದ ರೂಪದಲ್ಲಿ ಹೋಗುತ್ತದೆ. ಅಸಿಟೈಲ್‌ಕೋಲಿನ್ ಅಂತ ಅದರ ಹೆಸರು. ಅದು ಸಣ್ಣ ಚೀಲಗಳಲ್ಲಿ ತುಂಬಿ ತಯಾರಾಗಿರುತ್ತದೆ. ಟಾಕ್ಸಿನ್ ಆ ಚೀಲವನ್ನು ಬಾಗಿಲಿಗೆ ಎಳೆದು ತರುವ ಪ್ರೋಟೀನನ್ನು ಕತ್ತರಿಸುತ್ತದೆ. ಅಂಚೆ ಬಂದಿದೆ, ಪೋಸ್ಟ್‌ಮನ್ನನ ಸೈಕಲ್ ಚೈನು ಕಡಿದಿದೆ ಅಂದುಕೊಳ್ಳಿ. ಪತ್ರ ತಲುಪುವುದಿಲ್ಲ, ಸ್ನಾಯು ಸುಮ್ನೆ ಕೂರುತ್ತದೆ. ಇದು ಗೊತ್ತಾಗಲು 2ರಿಂದ 5 ದಿನ ಬೇಕು. ಪೂರ್ತಿ ಪರಿಣಾಮಕ್ಕೆ ಸುಮಾರು 14 ದಿನ. ನರ ಹೊಸ ಚಿಗುರು ಒಡೆದು, ಹಳೆಯ ತುದಿಯೂ ರಿಪೇರಿಯಾಗಿ, 3ರಿಂದ 4 ತಿಂಗಳಿಗೆ ಮತ್ತೆ ಮೊದಲಿನಂತೆ. ಹೋದ ವಾರ ಒಬ್ಬರು ಬಂದು "ಐದು ದಿನಕ್ಕ ತಂಗಿ ಮದುವಿ ಐತ್ರಿ, ಇವತ್ತ ಮಾಡಿಬಿಡ್ರಿ" ಅಂದರು. ಮಾಡಲಿಲ್ಲ. ಅರ್ಧ ಸಡಿಲಾದ ಹಣೆ, ಮೇಲೊಂದು ನೀಲಿ ಕಲೆ ಹೊತ್ತುಕೊಂಡು ಅಕ್ಷತೆ ಹಾಕಲು ನಿಲ್ಲಬೇಕಾಗುತ್ತಿತ್ತು.

ಔಷಧ ಬರುವುದು ಪುಟ್ಟ ಬಾಟಲಿಯಲ್ಲಿ. ನೋಡಿದರೆ ಖಾಲಿ ಅನ್ನಿಸುತ್ತದೆ. ತಳದಲ್ಲಿ ಒಂದು ಬಿಳಿ ಪೊರೆ ಇದ್ದರೆ ಇತ್ತು. "ಏನೂ ಇಲ್ಲಲ್ರಿ ಇದರಾಗ" ಅಂತ ಎಷ್ಟೋ ಜನ ನನ್ನನ್ನೇ ಅನುಮಾನಿಸಿದ್ದಾರೆ. 100 ಯೂನಿಟ್ಟಿನ ಬೊಟಾಕ್ಸ್ ಬಾಟಲಿಯಲ್ಲಿ ಇರುವುದು ಸುಮಾರು 5 ನ್ಯಾನೋಗ್ರಾಂ. ಒಂದು ಗ್ರಾಮನ್ನು 100 ಕೋಟಿ ಪಾಲು ಮಾಡಿ, ಅದರಲ್ಲಿ ಐದು ಪಾಲು. ಅದಕ್ಕೆ ಸಲೈನ್ ಸೇರಿಸಿ ಕರಗಿಸುತ್ತೇವೆ. ಹುಬ್ಬಿನ ನಡುವೆ ಐದು ಚುಚ್ಚು, ಒಟ್ಟು 20 ಯೂನಿಟ್. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದಕ್ಕೆ ಸಮ ಅಲ್ಲ. ಬೊಟಾಕ್ಸ್‌ನಲ್ಲಿ 20 ಬೇಕಾದ ಜಾಗಕ್ಕೆ ಡಿಸ್ಪೋರ್ಟ್‌ನಲ್ಲಿ 50 ಬೇಕು. ಹಾಗಾಗಿ "ಅಲ್ಲಿ ಐವತ್ತು ಯೂನಿಟ್ ಹಾಕ್ತಾರೆ, ನೀವು ಬರೀ ಇಪ್ಪತ್ತು" ಅನ್ನುವ ಜಗಳಕ್ಕೆ ಅರ್ಥವಿಲ್ಲ.

ಈಗ ಕೆಡುವ ಮಾತು. ಚುಚ್ಚಿದ ಕಡೆ ನೀಲಿಗಟ್ಟುವುದು, ಎರಡು ದಿನ ತಲೆನೋವು, ಇವು ಸಣ್ಣವು. ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರಿಗೆ ನೀಲಿ ಕಲೆ ಜಾಸ್ತಿ. ಹಾಗಂತ ಸುಕ್ಕಿನ ಸಲುವಾಗಿ ಹೃದಯದ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ರೆಪ್ಪೆ ಜೋತು ಬೀಳುವುದು ಸಣ್ಣದಲ್ಲ. ಇದನ್ನು ಬೇರೆಯವರ ಕಥೆಯಾಗಿ ಹೇಳುವುದು ಸುಲಭ. ಆದರೆ ನನ್ನ ಕೈಯಿಂದಲೇ ಆಗಿದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಬ್ಯಾಂಕ್ ಉದ್ಯೋಗಿಗೆ ಹುಬ್ಬಿನ ನಡುವೆ ಇಂಜೆಕ್ಷನ್ ಕೊಟ್ಟೆ. ಒಂದು ಚುಚ್ಚು ಕಣ್ಣಿನ ಗೂಡಿನ ಅಂಚಿಗೆ ಹತ್ತಿರವಾಯಿತು. ಔಷಧ ಒಳಗೆ ಇಳಿದು, ರೆಪ್ಪೆ ಎತ್ತುವ ಸ್ನಾಯುವನ್ನು ಮುಟ್ಟಿತು. ಆರನೇ ದಿನ ಫೋನ್ ಬಂತು. ಬಲಗಣ್ಣು ಅರ್ಧ ಮುಚ್ಚಿತ್ತು. ಅಪ್ರಾಕ್ಲೋನಿಡಿನ್ ಅನ್ನುವ ಕಣ್ಣಿನ ಹನಿ ಕೊಟ್ಟೆ. ಅದು ರೆಪ್ಪೆಯನ್ನು ಒಂದೆರಡು ಮಿಲಿಮೀಟರ್ ಎತ್ತುತ್ತದೆ, ಅಷ್ಟೇ. ಒಮ್ಮೆ ನರದೊಳಗೆ ಹೋದ ಟಾಕ್ಸಿನ್ ಹೊರಗೆ ತೆಗೆಯುವ ಔಷಧ ಇಲ್ಲ. ಕಾಯಬೇಕು. ಆ ಸಲದ ಗಣಪತಿ ಹಬ್ಬವನ್ನೆಲ್ಲ ಅವರು ಕಪ್ಪು ಕನ್ನಡಕದಲ್ಲೇ ಕಳೆದರು. ಆರು ವಾರಕ್ಕೆ ರೆಪ್ಪೆ ಸರಿಯಾಯಿತು. ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರ ಅನ್ನಿಸುತ್ತಿತ್ತು.

ಹಣೆಯ ಗೆರೆ ಇನ್ನೂ ಸೂಕ್ಷ್ಮ. ಹುಬ್ಬು ಒಂದು ಹಗ್ಗಜಗ್ಗಾಟದ ನಡುವೆ ಇದೆ. ಕೆಳಗೆ ಎಳೆಯುವ ಸ್ನಾಯುಗಳು ಹಲವು. ಮೇಲೆ ಎತ್ತುವುದು ಹಣೆಯ ಸ್ನಾಯು ಒಂದೇ. ಅದನ್ನು ಪೂರ್ತಿ ಮಲಗಿಸಿದರೆ ಕೆಳಗಿನ ತಂಡ ಗೆದ್ದುಬಿಡುತ್ತದೆ, ಹುಬ್ಬು ಕುಸಿಯುತ್ತದೆ. ಐವತ್ತು ದಾಟಿದ ಎಷ್ಟೋ ಜನರಿಗೆ ರೆಪ್ಪೆಯ ಚರ್ಮ ಜೋತಿರುತ್ತದೆ. ಅವರು ತಮಗೇ ಗೊತ್ತಿಲ್ಲದೆ ಇಡೀ ದಿನ ಹಣೆ ಎತ್ತಿಕೊಂಡೇ ನೋಡುತ್ತಿರುತ್ತಾರೆ. ಅವರ ಹಣೆಗೆರೆ ಸುಮ್ನೆ ಬಂದದ್ದಲ್ಲ, ಕಣ್ಣು ತೆರೆದಿಡುವ ದುಡಿಮೆ ಅದು. ಅಂಥವರ ಹಣೆ ನುಣುಪು ಮಾಡಿದರೆ "ಕಣ್ಣಿನ ಮ್ಯಾಲ ಕಲ್ಲ ಇಟ್ಟಂಗ ಆಗೈತಿ" ಅಂತ ವಾಪಸ್ ಬರುತ್ತಾರೆ. ನಡುವೆ ಮಾತ್ರ ಹಾಕಿ ಅಂಚು ಬಿಟ್ಟರೆ ಹುಬ್ಬಿನ ಹೊರತುದಿ ಬಿಲ್ಲಿನ ಹಾಗೆ ಮೇಲೇರಿ, ಬಯಲಾಟದ ರಕ್ಕಸಿಯ ಮುಖ. ಬಾಯಿಯ ಸುತ್ತ ತಪ್ಪಿದರೆ ನಗು ಸೊಟ್ಟ.

ಎಲ್ಲಕ್ಕಿಂತ ಗಂಭೀರವಾದದ್ದು ಅಪರೂಪ, ಆದರೆ ಗೊತ್ತಿರಬೇಕು. ಟಾಕ್ಸಿನ್ ಚುಚ್ಚಿದ ಜಾಗ ಬಿಟ್ಟು ದೂರ ಹರಡಬಹುದು. ಈ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಮುದ್ರಿಸಬೇಕು ಅಂತ 2009ರಲ್ಲಿ ಎಫ್‌ಡಿಎ ಕಂಪನಿಗಳಿಗೆ ಹೇಳಿತು. ಗಂಟೆಗಳಲ್ಲೂ ಆಗಬಹುದು, ವಾರಗಳ ನಂತರವೂ ಆಗಬಹುದು. ನುಂಗಲು ಕಷ್ಟ, ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಉಸಿರು ಸಾಲದಿರುವುದು. ಹೀಗಾದರೆ ಚುಚ್ಚಿದವರಿಗೆ ವಾಟ್ಸಾಪ್ ಮಾಡುತ್ತಾ ಕೂರಬೇಡಿ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಯಾವ ಇಂಜೆಕ್ಷನ್, ಯಾವತ್ತು ಅಂತ ಹೇಳಿ. ಆ್ಯಂಟಿಟಾಕ್ಸಿನ್ ಅನ್ನುವ ಔಷಧ ಇದೆ. ಅದು ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಹಿಡಿಯುತ್ತದೆ, ನರದೊಳಗೆ ಹೊಕ್ಕಿದ್ದನ್ನಲ್ಲ. ಅದಕ್ಕೇ ಬೇಗ ಹೋಗಬೇಕು.

ಇಂಥ ದೊಡ್ಡ ಅನಾಹುತಗಳ ಹಿಂದೆ ಹೆಚ್ಚಾಗಿ ಸಿಗುವುದು ತಪ್ಪು ಬಾಟಲಿ, ಇಲ್ಲವೇ ತಪ್ಪು ಲೆಕ್ಕ. 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಾಲ್ವರಿಗೆ ಪ್ರಯೋಗಾಲಯಕ್ಕೆಂದು ಮಾಡಿದ, ಮನುಷ್ಯರಿಗೆ ಬಳಸಬಾರದ ಟಾಕ್ಸಿನ್ ಚುಚ್ಚಲಾಯಿತು. ನಾಲ್ವರೂ ಲಕ್ವಾ ಹೊಡೆದವರಂತೆ ಮಲಗಿ, ಉಸಿರಾಟದ ಯಂತ್ರಕ್ಕೆ ಬಿದ್ದರು. ಚುಚ್ಚಿದವನೂ ಆ ನಾಲ್ವರಲ್ಲಿ ಒಬ್ಬ. 2024ರಲ್ಲಿ ಅಮೆರಿಕದ 11 ರಾಜ್ಯಗಳಲ್ಲಿ 22 ಜನರಿಗೆ ತೊಂದರೆಯಾಗಿ, ನಕಲಿ ಬೊಟಾಕ್ಸ್ ಬಗ್ಗೆ ಅಲ್ಲಿನ ಸರ್ಕಾರವೇ ಎಚ್ಚರಿಕೆ ಹೊರಡಿಸಿತು. ಹಲವರು ಇಂಜೆಕ್ಷನ್ ತಗೊಂಡಿದ್ದು ಮನೆಗಳಲ್ಲಿ, ಸ್ಪಾಗಳಲ್ಲಿ, ಪರವಾನಗಿ ಇಲ್ಲದವರ ಕೈಯಲ್ಲಿ.

ನಮ್ಮ ಊರಲ್ಲಿ ಇದು ಹೇಗೆ ಬರುತ್ತದೆ ಅಂದರೆ, "ಬೊಟಾಕ್ಸ್ ಪಾರ್ಟಿ, ನಾಲ್ಕು ಜನ ಸೇರಿದರೆ ಅರ್ಧ ರೇಟು". ಒಬ್ಬರ ಹಾಲ್‌ನಲ್ಲಿ, ಚಹಾದ ಜೊತೆ. ಅರ್ಧ ರೇಟು ಎಲ್ಲಿಂದ ಹುಟ್ಟುತ್ತದೆ ಯೋಚಿಸಿ. ಸಲೈನ್ ಜಾಸ್ತಿ ಬೆರೆಸಿರಬೇಕು, ಹಿಂದಿನ ವಾರ ಕರಗಿಸಿದ್ದು ಉಳಿದಿರಬೇಕು, ಇಲ್ಲ ಬಾಟಲಿಯೇ ನಕಲಿ ಇರಬೇಕು. ಈ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಹ್ಯಾಂಡ್‌ಬ್ಯಾಗಿನಲ್ಲಿ ತಿರುಗಿದ ಬಾಟಲಿ ಏನಾಗಿರುತ್ತದೆ? ನಾಚಿಕೆ ಬಿಟ್ಟು ಕೇಳಿ: ಬಾಟಲಿ ನನ್ನ ಮುಂದೆ ಒಡೆಯಿರಿ, ಬ್ಯಾಚ್ ನಂಬರು, ತಾರೀಖು ನೋಡುತ್ತೇನೆ, ಎಷ್ಟು ಯೂನಿಟ್ ಅಂತ ಬಿಲ್ಲಿನಲ್ಲಿ ಬರೆಯಿರಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಪ್ರಕಾರ ನೋಂದಣಿ ಬೇಕು. ಆ ಪತ್ರ ಗೋಡೆಯ ಮೇಲಿದೆಯಾ ನೋಡಿ. ಡಾಕ್ಟರ ನೋಂದಣಿ ನಂಬರು ಕೇಳಿ. ಚಿನ್ನ ತಗೊಳ್ಳುವಾಗ ಹಾಲ್‌ಮಾರ್ಕ್ ಕೇಳುವವರು ನಾವು, ಇಲ್ಲಿ ಯಾಕೆ ಸುಮ್ಮನಿರಬೇಕು?

ಬಸುರಿಯರು, ಹಾಲೂಡಿಸುವವರು ಇದನ್ನು ತಗೊಳ್ಳಬಾರದು. ಮಯಸ್ತೇನಿಯಾ ಗ್ರೇವಿಸ್‌ನಂಥ ನರ-ಸ್ನಾಯುವಿನ ಕಾಯಿಲೆ ಇದ್ದವರಿಗೂ ಬೇಡ. ಚುಚ್ಚುವ ಜಾಗದಲ್ಲಿ ಸೋಂಕು ಇದ್ದರೆ ಮುಂದೂಡಿ. ಜೆಂಟಮೈಸಿನ್ ಜಾತಿಯ ಆ್ಯಂಟಿಬಯೋಟಿಕ್ ನಡೆಯುತ್ತಿದ್ದರೆ ಹೇಳಿ, ಅದು ಟಾಕ್ಸಿನ್ನಿನ ಬಲ ಹೆಚ್ಚಿಸುತ್ತದೆ. ಚುಚ್ಚಿಸಿಕೊಂಡ ದಿನ ಆ ಜಾಗ ತಿಕ್ಕಬೇಡಿ, ಫೇಶಿಯಲ್ ಬೇಡ, ನಾಲ್ಕು ತಾಸು ಅಡ್ಡಾಗಬೇಡಿ. ಟಿಕಳಿಯನ್ನೂ ಒತ್ತಿ ಹಚ್ಚಬೇಡಿ.

(ಪ್ರಶ್ನೆ: "ಪಾರ್ಲರ್‌ನ್ಯಾಗ ಹೇರ್ ಬೊಟಾಕ್ಸ್ ಮಾಡತಾರಲ್ರಿ, ಅದೂ ಇದ ವಿಷ ಏನು?")

ಅಲ್ಲ. ಅದರಲ್ಲಿ ಬೊಟುಲಿನಮ್ ಇಲ್ಲವೇ ಇಲ್ಲ. ಕೂದಲಿಗೆ ಸ್ನಾಯು ಎಲ್ಲಿದೆ ಹೇಳಿ? ಅದು ಕೂದಲು ನುಣುಪು ಮಾಡುವ ಒಂದು ಲೇಪ. ಹೆಸರು ಮಾತ್ರ ಎರವಲು. ಬೊಟಾಕ್ಸ್ ಕ್ರೀಮೂ ಹಾಗೇ. ಈ ಟಾಕ್ಸಿನ್ನಿನ ಅಣು ತುಂಬಾ ದೊಡ್ಡದು, ಹಚ್ಚಿದರೆ ಚರ್ಮ ದಾಟಿ ಸ್ನಾಯು ಮುಟ್ಟುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಲವತ್ತು ದಾಟಿ ಹುಬ್ಬಿನ ಗೆರೆ ಅಂತ ಬರುವವರಿಗೆ ನಾನು ಮೊದಲು ಮೊಬೈಲ್ ಕೊಟ್ಟು ಒಂದು ಮೆಸೇಜು ಓದಿ ಅನ್ನುತ್ತೇನೆ. ಕೈ ದೂರ ಹೋಗುತ್ತದೆ, ಹುಬ್ಬು ಗಂಟಾಗುತ್ತದೆ. ಅವರಿಗೆ ಬೇಕಾದದ್ದು ಓದುವ ಕನ್ನಡಕ. ಕನ್ನಡಕ ಹಾಕದೆ ಸೂಜಿ ಹಾಕಿಸಿಕೊಂಡರೆ, ಔಷಧ ಇಳಿದ ಮೇಲೆ ಮತ್ತೆ ಅದೇ ಗಂಟು. ಬಿಸಿಲಿಗೆ ಸನ್‌ಸ್ಕ್ರೀನ್, ಒಂದು ಛತ್ರಿ, ಬೀಡಿ ಸಿಗರೇಟು ಬಿಡುವುದು, ಇವೂ ಅಗ್ಗದವು.

ಹಾಗಾದರೆ ಇದು ಬರೀ ಶೋಕಿಯಾ? ಅಲ್ಲ. ತಿಂಗಳಲ್ಲಿ 15 ದಿನವೋ ಅದಕ್ಕೂ ಹೆಚ್ಚೋ ತಲೆನೋವಿನಲ್ಲಿ ನರಳುವ ಮೈಗ್ರೇನ್‌ನವರಿಗೆ ಇದೇ ಔಷಧವನ್ನು 31 ಕಡೆ, 155 ಯೂನಿಟ್ ಕೊಡುತ್ತಾರೆ. ಕುತ್ತಿಗೆ ತಂತಾನೇ ತಿರುಚುವವರಿಗೆ, ಸೆರೆಬ್ರಲ್ ಪಾಲ್ಸಿಯಿಂದ ಕಾಲು ಬಿಗಿದ ಮಕ್ಕಳಿಗೆ, ಕಂಕುಳಲ್ಲಿ ಅಂಗಿ ತೊಯ್ಯುವಷ್ಟು ಬೆವರುವವರಿಗೆ ಇದು ಆಧಾರ. ಇನ್ನು ಶೋಕಿಗೆ ಅಂತಲೇ ಬಂದವರನ್ನೂ ನಾನು ಬೈಯುವುದಿಲ್ಲ. "ಯಾವಾಗಲೂ ಸಿಟ್ಟಿನಲ್ಲಿದ್ದೀರಾ?" ಅಂತ ದಿನಾ ಕೇಳಿಸಿಕೊಳ್ಳುವವರ ಕಷ್ಟ ಅವರಿಗೇ ಗೊತ್ತು. ಆದರೆ ಗಂಡ ಅಂದ, ಗೆಳತಿ ಅಂದಳು ಅಂತ ಬಂದವರನ್ನು ಒಂದು ತಿಂಗಳು ಬಿಟ್ಟು ಬನ್ನಿ ಅಂತ ಕಳಿಸುತ್ತೇನೆ. ಬಹಳ ಜನ ಬರುವುದಿಲ್ಲ. ನನ್ನ ಲಾಭಕ್ಕೆ ಅದು ಒಳ್ಳೆಯದಲ್ಲ, ಇರಲಿ.

ಅಷ್ಟರಲ್ಲಿ ಗಿರ್ಮಿಟ್ಟಿನ ತಟ್ಟೆಗಳು ಬಂದವು. ಎಲ್ಲರೂ ಏಳುವಾಗ ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. ಪ್ರೈಮರಿ ಶಾಲೆಯ ಅಕ್ಕೋರು.

"ಡಾಕ್ಟರ್ ಬಾಯಾರ, ಸೂಜಿ ಮಾಡಿಸಿಕೊಂಡ ಮ್ಯಾಲ ಹುಬ್ಬ ಗಂಟ ಹಾಕಾಕ ಬರಂಗಿಲ್ಲ ಅಂದ್ರಿ. ನಾ ಕ್ಲಾಸಿನ್ಯಾಗ ಬಡಿಯಂಗಿಲ್ಲ, ಒದರಂಗಿಲ್ಲ. ಬರೇ ಹುಬ್ಬ ಗಂಟ ಹಾಕಿ ನೋಡತೇನಿ. ನನ್ನ ಹತ್ರ ಇರೂದ ಅದೊಂದ."

ಡೋಸು ಕಡಿಮೆ ಮಾಡಿದರೆ ಅರ್ಧ ಗಂಟು ಉಳಿಸಬಹುದು ಅಂದೆ. ಬೇಕಾದರೆ ಬೇಸಿಗೆ ಸೂಟಿ ಶುರುವಾದಾಗ ಮಾಡಿಸಿಕೊಂಡರೆ ಆಯ್ತು ಅಂದೆ.

ಅಕ್ಕೋರು ಬೆರಳು ಮಡಿಚಿ ಲೆಕ್ಕ ಹಾಕಿದರು. "ಸೂಟಿ ಎರಡ ತಿಂಗಳ ಸೈತ ಇರಂಗಿಲ್ರಿ. ನಿಮ್ಮ ಔಷಧ ನಾಕ ತಿಂಗಳು. ಜೂನ್ ಜುಲೈದಾಗ ಐದನೇತ್ತ ಹುಡುಗರನ್ನ ನೀವ ಬಂದ ಹಿಡೀತೀರೇನು?"